ಬಾಯಿಗೆ ಅಡ್ಡ ಬಂದ ಕೈ

ಆಪ್ತಸಲಹೆಗೆ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

"ಮೇಡಂ, ನನ್ನ ತಲೆಗೆ ಏನೂ ಹತ್ತುತ್ತಿಲ್ಲ. ವಯಸ್ಸಾಯ್ತು ಅನ್ಸುತ್ತೆ." ಸವಿತಾ ಕೂತ ಕೂಡಲೇ ಹೇಳಿದ ಮಾತಿದು. ಅವರಿಗೆ 36. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಮನೆ ಬನಶಂಕರಿ ಕಡೆ. ಗಂಡನಿಗೂ ಇವರಿಗೂ ಕೆನಡಾಕ್ಕೆ ಹೋಗುವ ಆಸೆ. ಫ್ರೆಂಚ್ ಬಂದರೆ ಅನುಕೂಲ ಅಂತ ಯಾರೋ ಹೇಳಿದ್ದರು. 14 ತಿಂಗಳಿಂದ ಒಂದು ದಿನವೂ ಬಿಡದೆ ಫೋನಿನ ಆ್ಯಪ್‌ನಲ್ಲಿ ಕಲಿಯುತ್ತಿದ್ದರು.

ನನ್ನ ಹತ್ತಿರ ಬಂದದ್ದು ಫ್ರೆಂಚ್‌ಗಾಗಿ ಅಲ್ಲ. ನಿದ್ದೆ ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡ, "ಇಷ್ಟು ದಿನ ಆಯ್ತಲ್ಲ, ಏನಾದ್ರೂ ಒಂದು ಮಾತಾಡು ನೋಡೋಣ" ಅನ್ನುತ್ತಿದ್ದರಂತೆ. ಪ್ರೀತಿಯಿಂದಲೇ ಕೇಳುತ್ತಿದ್ದರು. ಇವರಿಗೆ ಗಂಟಲು ಕಟ್ಟಿ ಅಳು ಬರುತ್ತಿತ್ತು.

ನಾನೂ ಹಿಂದೆ ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಒಂದು ವರ್ಷ ಫ್ರೆಂಚ್ ಕಲಿತವಳು. ಹಾಗಾಗಿ ನೋಟ್‌ಬುಕ್ ತನ್ನಿ ಅಂದೆ. ಎರಡನೇ ಭೇಟಿಗೆ ತಂದರು. ಲೆಡ್ಜರ್ ಹಾಗೆ ಗೆರೆ ಹಾಕಿದ ಪುಟಗಳು. ಎಡಕ್ಕೆ ಫ್ರೆಂಚ್, ನಡುವೆ ಇಂಗ್ಲಿಷ್, ಬಲಕ್ಕೆ ಚಿಕ್ಕ ಅಕ್ಷರದಲ್ಲಿ ಕನ್ನಡ. ಸಾವಿರಕ್ಕೂ ಜಾಸ್ತಿ ಪದ ಇದ್ದವು. ಎಲ್ಲೆಲ್ಲಿಂದಲೋ ಕೇಳಿದೆ, ಒಂದಕ್ಕೂ ತಡವರಿಸಲಿಲ್ಲ. ನೆನಪಿನ ಶಕ್ತಿಗೆ ಏನೂ ಆಗಿರಲಿಲ್ಲ.

"ಒಂದು ಸಾಲು ಜೋರಾಗಿ ಓದಿ" ಅಂದೆ. ಬಲಗೈ ತಾನಾಗಿ ಎದ್ದು ಬಾಯಿಗೆ ಅಡ್ಡ ಬಂತು. ಬೆರಳ ಸಂದಿಯಿಂದ ಪಿಸುಗುಟ್ಟಿದರು.

ಆ ಕೈ ಯಾವಾಗಿನದು ಅಂತ ಕೇಳಿದೆ. ಹಳ್ಳಿಯಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಪಟ್ಟಣದ ಕಾಲೇಜು. ಮೊದಲ ವಾರವೇ ಇಂಗ್ಲಿಷ್ ಪಾಠ ಓದಲು ಎಬ್ಬಿಸಿದರು. ಒಂದು ಪದ ತಪ್ಪಿತು. ಹುಡುಗರು ನಕ್ಕರು, ಪಾಠ ಮಾಡುವವರೂ ನಕ್ಕರು. ಅವತ್ತಿನಿಂದ ಗೊತ್ತಿಲ್ಲದ ಭಾಷೆ ಅಂದರೆ ಸವಿತಾ ಮೊದಲು ಬಾಯಿ ಮುಚ್ಚುತ್ತಾರೆ. ಆ್ಯಪ್ ಹಿಡಿಸಿದ್ದೂ ಅದಕ್ಕೇ. ಮಾತಾಡುವ ಪಾಠ ಬಂದಾಗಲೆಲ್ಲ ಅದನ್ನು ದಾಟಿಸಿ ಮುಂದೆ ಹೋಗುತ್ತಿದ್ದರು.

ಕಣ್ಣಲ್ಲಿ ಮಾತ್ರ ಕಲಿತರೆ ಫ್ರೆಂಚ್ ತುಂಬ ಕಷ್ಟ ಕೊಡುತ್ತದೆ. 'ಅವರು ಮಾತಾಡುತ್ತಾರೆ' ಅನ್ನುವ ಕ್ರಿಯಾಪದದ ಕೊನೆಗೆ ಮೂರು ಅಕ್ಷರ ಬರೆಯುತ್ತಾರೆ, ಆದರೆ ಉಚ್ಚರಿಸುವುದು ಬರೀ 'ಪಾರ್ಲ್'. ಸವಿತಾ ಮನಸ್ಸಿನಲ್ಲಿ 'ಪಾರ್ಲೆಂಟ್' ಅಂತ ಓದಿಕೊಂಡಿದ್ದರು. ಹಾಗಿದ್ದ ಮೇಲೆ ಯಾರಾದರೂ ಮಾತಾಡಿದರೆ ಕಿವಿಗೆ ಹೇಗೆ ಗೊತ್ತಾಗಬೇಕು?

ನಾನು ಮೊದಲು ಮಾಡಿಸಿದ್ದು ಒಂದೇ ಕೆಲಸ. ನೋಟ್‌ಬುಕ್ಕಿನ ಇಂಗ್ಲಿಷ್ ಕಾಲಂ ಮೇಲೆ ಬಿಳಿ ಹಾಳೆ ಅಂಟಿಸಿದೆವು. ಕನ್ನಡದಿಂದ ನೇರ ಫ್ರೆಂಚ್‌ಗೆ ಹೋಗಿ ನೋಡೋಣ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. 'ನನಗೆ ಸಮಯ ಬೇಕು' ಅನ್ನುವುದಕ್ಕೆ ಫ್ರೆಂಚ್‌ನಲ್ಲಿ 'ಇಲ್ ಮ ಫೋ ದ್ಯು ತಾಂ' ಅನ್ನುತ್ತಾರೆ. 'ಮ' ಅಂದರೆ 'ನನಗೆ', 'ಫೋ' ಅಂದರೆ 'ಬೇಕು'. 'ನನಗೆ ಇದು ಹಿಡಿಸಿತು' ಅನ್ನುವ ಮಾತಿಗೂ ಹೀಗೇ 'ನನಗೆ' ಬರುತ್ತದೆ. ಇಂಗ್ಲಿಷ್‌ನಲ್ಲಿ ಈ ಜೋಡಣೆ ಕಷ್ಟ, ನಮಗೆ ಮನೆಮಾತು. 'ತ್ಯು' ಮತ್ತು 'ವೂ' ನಮ್ಮ ನೀನು, ನೀವು ಅಲ್ವಾ? ಫ್ರೆಂಚ್‌ನ ತಕಾರ ದಕಾರಗಳೂ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ, ದ. ಟೇಬಲ್‌ಗೆ ಅಲ್ಲಿ 'ತಾಬ್ಲ್'. "ಅಂದ್ರೆ ನಮ್ಮೂರ ನಾಲಿಗೆನೇ ಸರಿ ಅಂತೀರಾ?" ಅಂದರು. ಈ ವಿಷಯದಲ್ಲಿ ಹೌದು ಅಂದೆ. ಆ ಭೇಟಿಯಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಎಲ್ಲವೂ ಹೀಗೆ ಸಲೀಸಲ್ಲ ಅಂತಲೂ ಹೇಳಿದೆ. ನಮಗೆ ಮೇಜು, ಪುಸ್ತಕ ಎರಡೂ 'ಅದು'. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಅಡ್ಡದಾರಿ ಇಲ್ಲ. ಪದ ಕಲಿಯುವಾಗಲೇ ಅದರ ಮೊದಲು ಬರುವ 'ಲ' (ಗಂಡಿಗೆ) ಅಥವಾ 'ಲಾ' (ಹೆಣ್ಣಿಗೆ) ಸೇರಿಸಿ ಕಲಿಯಬೇಕು.

ಬನಶಂಕರಿಯಿಂದ ಪೀಣ್ಯಕ್ಕೆ ಹಸಿರು ಮಾರ್ಗದಲ್ಲಿ ನೇರ ಮೆಟ್ರೋ. ಆ ಹೊತ್ತನ್ನು ಕಿವಿಗೆ ಕೊಟ್ಟೆವು. ಟಿವಿ5ಮೊಂದ್ ಅನ್ನುವ ಫ್ರೆಂಚ್ ಟಿವಿ ವಾಹಿನಿಯ ಜಾಲತಾಣದಲ್ಲಿ ಎ1 ಮಟ್ಟದಿಂದ ಬಿ2ವರೆಗೆ ಉಚಿತ ಪಾಠಗಳಿವೆ. ಎ1 ಅಂದರೆ ಶುರುವಿನ ಹಂತ, ಆಮೇಲೆ ಎ2, ಬಿ1, ಬಿ2 ಅಂತ ಏರುತ್ತದೆ. ಚಿಕ್ಕ ತುಣುಕೊಂದನ್ನು ಮೂರು ದಿನ ಕೇಳುವುದು. ಮೊದಲ ದಿನ ಸುಮ್ನೆ, ಎರಡನೇ ದಿನ ಬರಹ ನೋಡಿಕೊಂಡು, ಮೂರನೇ ದಿನ ಕೇಳಿ ಬರೆದು ತಪ್ಪು ತಿದ್ದಿಕೊಳ್ಳುವುದು. ಆರ್‌ಎಫ್‌ಐ ರೇಡಿಯೊದವರ ಸುಲಭ ಫ್ರೆಂಚ್ ವಾರ್ತೆ ಸುಮಾರು 10 ನಿಮಿಷದ್ದು, ಬರಹವೂ ಸಿಗುತ್ತದೆ. ಅದು ಆಮೇಲೆ ಸಾಕು ಅಂದೆ. ಆ್ಯಪ್ ದಿನಕ್ಕೆ 10 ನಿಮಿಷ ಮಾತ್ರ. ಬಿಡಿ ಪದ ಬಿಟ್ಟು ಇಡೀ ವಾಕ್ಯಗಳನ್ನು ಆಂಕಿ (Anki) ಅನ್ನುವ ನೆನಪಿನ ಕಾರ್ಡ್‌ಗಳ ಆ್ಯಪ್‌ನಲ್ಲಿ ಹಾಕಿಕೊಳ್ಳಲು ತೋರಿಸಿಕೊಟ್ಟೆ. ಮರೆಯುವ ಹೊತ್ತಿಗೆ ಅದು ಮತ್ತೆ ಕೇಳುತ್ತದೆ.

ಬಾಯಿಗೆ ಬೇರೆ ಮದ್ದು ಬೇಕಿತ್ತು. ಲೆಕ್ಕದವರಲ್ಲವೇ, ಅಂಕಿಯಿಂದ ಶುರು ಮಾಡಿಸಿದೆ. ಫ್ರೆಂಚ್‌ನಲ್ಲಿ 80 ಅಂದರೆ ನಾಲ್ಕು ಇಪ್ಪತ್ತು. 97 ಅಂದರೆ ನಾಲ್ಕು ಇಪ್ಪತ್ತು, ಅದರ ಮೇಲೆ ಹದಿನೇಳು: 'ಕಾತ್ರ ವ್ಯಾಂ ದಿ ಸೆತ್'. ಅಡುಗೆಮನೆ ಬಾಗಿಲು ಹಾಕಿಕೊಂಡು, ಸೊಪ್ಪು ಸೋಸುತ್ತಾ, ಹಳೇ ಕರೆಂಟ್ ಬಿಲ್ಲಿನ ಮೊತ್ತಗಳನ್ನು ಜೋರಾಗಿ ಹೇಳುವುದು. ಎರಡೂ ಕೈಗೆ ಕೆಲಸ ಇರಬೇಕು ಅಂತ ಬೇಕೆಂದೇ ಹೇಳಿದ್ದೆ. ಆಮೇಲೆ ಒಂದು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದು. ಯಾರಿಗೂ ಕಳಿಸಬೇಕಿಲ್ಲ.

ಗಂಡನನ್ನೂ ಒಮ್ಮೆ ಕರೆಸಿದೆ. ಪರೀಕ್ಷೆ ಮಾಡಬೇಡಿ, ಕೇಳದೆ ಅವರಾಗಿ ಹೇಳುವವರೆಗೆ ಕಾಯಿರಿ ಅಂದೆ. ಪಾಪ, ಅವರಿಗೆ ಇದು ಹೊಳೆದಿರಲೇ ಇಲ್ಲ. ತುಂಬ ನೊಂದುಕೊಂಡರು.

ಕೆನಡಾಕ್ಕೆ ಬೇಕಾದ ಫ್ರೆಂಚ್ ಪರೀಕ್ಷೆ ಬಗ್ಗೆಯೂ ಸವಿತಾಗೆ ಒಂದು ತಪ್ಪು ತಿಳಿವಳಿಕೆ ಇತ್ತು. ಡೆಲ್ಫ್ ಅನ್ನುವ ಫ್ರೆಂಚ್ ಪರೀಕ್ಷೆಯ ಪುಸ್ತಕ ಕೊಂಡಿದ್ದರು. ಕೆನಡಾದಲ್ಲಿ ನೆಲೆಸಲು ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಗೆ ಅದು ನಡೆಯುವುದಿಲ್ಲ. ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಅನ್ನುವ ಪರೀಕ್ಷೆ ಬೇಕು. ಅದರಲ್ಲಿ ಫ್ರೆಂಚ್ ಬಲ್ಲವರ ವಿಭಾಗಕ್ಕೆ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ ಎನ್‌ಸಿಎಲ್‌ಸಿ (ಫ್ರೆಂಚ್‌ಗೆ ಕೆನಡಾದ ಅಳತೆಗೋಲು) 7 ಇರಬೇಕು. ಅದು ಹೆಚ್ಚುಕಡಿಮೆ ಬಿ2 ಮಟ್ಟ. ಸವಿತಾ ಇದ್ದದ್ದು ಎ2 ಹತ್ತಿರ. ಫಲಿತಾಂಶ 2 ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಆತುರದಲ್ಲಿ ದುಡ್ಡು ಕಟ್ಟಬೇಡಿ ಅಂತ ಕಡ್ಡಿ ಮುರಿದಂತೆ ಹೇಳಿದೆ.

ಮೂರನೇ ತಿಂಗಳಿಗೆ ವಾರಕ್ಕೊಂದು ಗಂಟೆ ಆನ್‌ಲೈನ್‌ನಲ್ಲಿ ಮಾತಾಡಿಸುವ ಟೀಚರ್ ಒಬ್ಬರನ್ನು ಗೊತ್ತು ಮಾಡಿಕೊಂಡರು. ಸ್ವಂತ ಕಲಿಕೆ ಅಂದರೆ ಒಂಟಿಯಾಗಿ ಕಲಿಯಬೇಕು ಅಂತೇನಿಲ್ಲ. ತಪ್ಪು ತಿದ್ದುವ ಒಂದು ಕಿವಿ ಬೇಕೇ ಬೇಕು. ಮೊದಲ ಎರಡು ತರಗತಿ ತಪ್ಪಿಸಿದರು. ಅದಕ್ಕೆ ನಾನು ಏನೂ ಅನ್ನಲಿಲ್ಲ. ಮೂರನೆಯದಕ್ಕೆ ಕೂತರು.

ಐದನೇ ತಿಂಗಳ ಭೇಟಿಯಲ್ಲಿ ಫೋನ್ ತೆಗೆದು, "ಕೇಳಿ ಮೇಡಂ" ಅಂದರು. ಕುಕ್ಕರ್ ಸೀಟಿ, ಅದರ ಮೇಲೆ ಅವರ ದನಿ. ಅವತ್ತು ಆಫೀಸಿನಲ್ಲಿ ಆದದ್ದನ್ನು ಹೇಳುತ್ತಿದ್ದರು. ಎರಡು ಕಡೆ ತಪ್ಪಿದರು, ನಿಂತು ಸರಿಮಾಡಿಕೊಂಡು ಮುಂದುವರಿದರು. ನಿದ್ದೆ ಈಗ ಪರವಾಗಿಲ್ಲವಂತೆ. ಪರೀಕ್ಷೆಗೆ ಇನ್ನೂ ದುಡ್ಡು ಕಟ್ಟಿಲ್ಲ. ಮುಂದಿನ ಭೇಟಿ ಮೂರು ತಿಂಗಳು ಬಿಟ್ಟು ಅಂತ ಬರೆದುಕೊಂಡಿದ್ದೇವೆ.