ಲಂಡನ್‌ನಲ್ಲಿ ಕೊಂಡ ಜಪಾನಿ ಶೈಲಿಯ ಹಳೇ ಸೈಡ್‌ಬೋರ್ಡಿನ (ಊಟದ ಕೋಣೆಯ ಪಾತ್ರೆ-ಕಪಾಟಿನ) ಕಪ್ಪು ಪೇಂಟ್ ತೆಗೆಯಲು ಯಾವ ರಿಮೂವರ್ ಒಳ್ಳೆಯದು?

ಯಾವುದೂ ಬೇಡ. ಡಬ್ಬಿ ತಂದಿದ್ದರೆ ಇವತ್ತೇ ಅಂಗಡಿಗೆ ವಾಪಸ್ ಕೊಡಿ.

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾನೂ ಹರಾಜಿನಲ್ಲಿ ಇಂಥದೇ ಕಪ್ಪು ಮೇಜೊಂದನ್ನು ಕೊಂಡಿದ್ದೆ. ತೆಳ್ಳನೆಯ ಕಾಲು, ಬದಿಯಲ್ಲಿ ಜಾಲರಿ ಕೆಲಸ, ಅಂಚಿನಲ್ಲಿ ಕೊರೆದು ಚಿನ್ನದ ಬಣ್ಣ ತುಂಬಿದ ಗೆರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹಳೇ ಪೇಂಟ್ ಕೆರೆದರೆ ಒಳಗೆ ಬೀಟೆಯೋ ಸಾಗುವಾನಿಯೋ ಸಿಗುತ್ತಿತ್ತು. ಇಲ್ಲೂ ಅದೇ ಲೆಕ್ಕ ಹಾಕಿದೆ. ಒಳ್ಳೇ ಮರಕ್ಕೆ ಯಾರೋ ಸುಮ್ನೆ ಕಪ್ಪು ಬಳಿದಿದ್ದಾರೆ ಅಂದುಕೊಂಡು ರಿಮೂವರ್ ಹಚ್ಚಿದೆ. ಮೇಲಿನ ಪದರ ಅಂಟಂಟಾಗಿ ಕರಗಿತು. ಅಲ್ಲೇ ನಿಲ್ಲಿಸಬೇಕಿತ್ತು. ಪೇಂಟ್ ಆಗಿದ್ದರೆ ಸುಕ್ಕುಗಟ್ಟಿ ಮೇಲೇಳುತ್ತಿತ್ತು. ಇದು ಅರಗಿನ ಪಾಲಿಶ್. ಅದರ ಕೆಳಗಿನ ಕಪ್ಪು, ಬಟ್ಟೆಗೆ ಹಾಕಿದ ಬಣ್ಣದ ಹಾಗೆ ಮರದೊಳಕ್ಕೇ ಇಳಿದಿತ್ತು. ನಾನು ಬಿಡಬೇಕಲ್ಲ! ಉಪ್ಪುಕಾಗದ ಹಿಡಿದು ಕೂತೆ. ಉಜ್ಜಿದಷ್ಟೂ ಬೂದು ಬಣ್ಣ. ಚಿನ್ನದ ಗೆರೆಯೆಲ್ಲ ಅಳಿಸಿಹೋಯಿತು. ಕೊನೆಗೆ ಕಂಡದ್ದು ಬೀಚ್ ಎಂಬ ಇಲ್ಲಿನ ಸಾದಾ ಮರ. ಮಾರಲು ಹೋದಾಗ ಕೊಟ್ಟ ದುಡ್ಡಿನಲ್ಲಿ ಕಾಲುಭಾಗವೂ ಹುಟ್ಟಲಿಲ್ಲ.

ಆ ಕಪ್ಪು ಆಮೇಲೆ ಬಳಿದದ್ದಲ್ಲ, ಮಾಡುವಾಗಲೇ ಹಾಕಿದ್ದು. 1862ರ ಲಂಡನ್ ವಸ್ತುಪ್ರದರ್ಶನದಲ್ಲಿ ಜಪಾನಿನ ಸಾಮಾನು ನೋಡಿದ ಮೇಲೆ ಇಲ್ಲಿನವರಿಗೆ ಅದರ ಹುಚ್ಚು ಹತ್ತಿತು. ಇ. ಡಬ್ಲ್ಯು. ಗಾಡ್ವಿನ್ ಎಂಬ ವಾಸ್ತುಶಿಲ್ಪಿ 1867ರಲ್ಲಿ ವಿನ್ಯಾಸ ಮಾಡಿದ ಸೈಡ್‌ಬೋರ್ಡ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹೋಗಿ ನೋಡಿ. ಒಳಗಿರುವುದು ಮಹಾಗನಿ! ಅಂಥ ಮರವನ್ನೂ ಕಪ್ಪು ಮಾಡಿಬಿಟ್ಟಿದ್ದಾರೆ. ಎದುರು ನಿಂತರೆ ಕಾರಣ ಹೊಳೆಯುತ್ತದೆ. ಕಣ್ಣು ಮರದ ಎಳೆಗಳ ಮೇಲೆ ನಿಲ್ಲುವುದೇ ಇಲ್ಲ. ಅಡ್ಡ-ಉದ್ದದ ಪಟ್ಟಿಗಳು, ನಡುವೆ ಬಿಟ್ಟ ಖಾಲಿ ಜಾಗ, ಅಷ್ಟೇ ಕಾಣುತ್ತದೆ. ಕಪ್ಪು ತೆಗೆದರೆ ಉಳಿಯುವುದು ಏನೋ ಒಂದು ಕಪಾಟು.

ಜಪಾನಿನಿಂದಲೇ ಬಂದದ್ದು ಅಂತ ಅಂಗಡಿಯವರು ಹೇಳಿದ್ದಾರೆ ಅಂದಿರಿ. ನನಗಂತೂ ನಂಬಿಕೆಯಿಲ್ಲ. ಆಗಿನ ಜಪಾನಿನವರು ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಅವರಿಗೆ ಇಷ್ಟೆತ್ತರದ ಸೈಡ್‌ಬೋರ್ಡ್ ಯಾಕೆ ಬೇಕಿತ್ತು? ಗಾಡ್ವಿನ್ ಕೂಡ ಜಪಾನಿಗೆ ಹೋದವನಲ್ಲ. ಅಲ್ಲಿನ ಚಿತ್ರ, ಪುಸ್ತಕ ನೋಡಿಯೇ ಕಲಿತವನು.

ಮರದ ಎಳೆ ಕಾಣಲೇಬೇಕು ಅಂದರೆ ಇದನ್ನು ಹಾಗೇ ಮಾರಿ, ಬೇರೆ ಕೊಳ್ಳಿ. ಇಟ್ಟುಕೊಳ್ಳುವುದಾದರೆ ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಗೀರು ಜಾಸ್ತಿ ಕಂಡರೆ ಕಪ್ಪು ವ್ಯಾಕ್ಸ್ ಸಾಕು. ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗುತ್ತದೆ. ಹಿಡಿಗಳನ್ನೂ ತಿಕ್ಕಿ ಹೊಳಪಿಸಲು ಹೋಗಬೇಡಿ. ಗಾಡ್ವಿನ್‌ನ ಸೈಡ್‌ಬೋರ್ಡಿನಲ್ಲಿ ಅವಕ್ಕೆ ಬೆಳ್ಳಿಯ ಲೇಪವಿದೆ. ನಿಮ್ಮದರಲ್ಲೂ ಇರಬಹುದು.