ಇಂಗ್ಲಿಷಿನಲ್ಲಿ ಬೈದರೆ ಮೈಲಿಗೆಯಿಲ್ಲವೇ?

ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಕಳೆದ ಸಂಚಿಕೆಯ ಕಥೆಯಲ್ಲಿ ಕಂಪನಿಯ ಮ್ಯಾನೇಜರೊಬ್ಬ ಕೈಕೆಳಗಿನ ಹುಡುಗನನ್ನು ‘ಈಡಿಯಟ್’, ‘ಮೋರಾನ್’ ಎಂದು ಬೈಯುತ್ತಾನೆ. ಅವರ ತಕರಾರು ಇದು: ‘ಕನ್ನಡದಲ್ಲಿ ಜಾತಿ ಹಿಡಿದು ಬೈಯುವ ಮಾತು ಬಂದರೆ ಮೊದಲಕ್ಷರದ ಮುಂದೆ ಚುಕ್ಕೆ ಇಡುತ್ತೀರಿ. ಇಂಗ್ಲಿಷಿನದಾದರೆ ಪೂರ್ತಿ ಅಚ್ಚು ಹಾಕುತ್ತೀರಿ. ಇಂಗ್ಲಿಷಿನಲ್ಲಿ ಬೈದರೆ ಮೈಲಿಗೆಯಿಲ್ಲವೇ?’ ಜೊತೆಗೆ ಎರಡು ಸಲಹೆಗಳಿವೆ. ಇಂಥ ಇಂಗ್ಲಿಷ್ ಪದಗಳನ್ನೆಲ್ಲ ಪತ್ರಿಕೆಯಿಂದ ಹೊರಗಿಡಬೇಕು. ಅವುಗಳ ಪಟ್ಟಿ ಮಾಡಿ, ಎದುರಿಗೆ ಒಂದೊಂದು ಸಭ್ಯ ಪದ ಕೊಟ್ಟು, ತಿಂಗಳಿಗೊಂದು ಕಂತು ಪ್ರಕಟಿಸಬೇಕು.

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಒಪ್ಪುತ್ತೇನೆ, ಸಲಹೆಗಳನ್ನು ಒಪ್ಪಲಾರೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿಕೊಂಡೇ ಬರಬೇಕು.

ಈಡಿಯಟ್ ನಮಗೆ ಹಗುರವಾದ ಮಾತು. ಸಿಗ್ನಲ್ಲಿನಲ್ಲಿ ಅಡ್ಡ ಬಂದ ಸ್ಕೂಟರಿನವನಿಗೆ ಅನ್ನುತ್ತೇವೆ, ಹೇಳಿದ್ದು ಕೇಳದ ಮಗನಿಗೆ ಅನ್ನುತ್ತೇವೆ, ಸಲುಗೆ ಹೆಚ್ಚಾದಾಗ ಹೆಂಡತಿ ಗಂಡನಿಗೂ ಅನ್ನುವುದುಂಟು. ಆ ಪದ ಯಾರ ಮೇಲೆ ಬಿತ್ತೋ ಅವರು ನಮ್ಮ ಊರಿನವರಲ್ಲ, ಅವರ ಕಥೆ ನಮ್ಮ ಕಿವಿಗೆ ಬಿದ್ದಿಲ್ಲ. ಹಾಗಾಗಿ ಭಾರ ತಿಳಿಯುವುದಿಲ್ಲ.

ಮೋರಾನ್ ಪದದ್ದು ಇನ್ನೂ ವಿಚಿತ್ರ. ಅದು ಬೀದಿಯಲ್ಲಿ ಹುಟ್ಟಿದ್ದೇ ಅಲ್ಲ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬಲ್ಲಿ ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಮಕ್ಕಳಿಗಾಗಿ ಒಂದು ಶಾಲೆಯಿತ್ತು. ಅಲ್ಲಿನ ಮನಶ್ಶಾಸ್ತ್ರಜ್ಞ ಹೆನ್ರಿ ಗಾಡರ್ಡ್ 1910ರಲ್ಲಿ ಗ್ರೀಕ್ ಪದವೊಂದನ್ನು ತಿದ್ದಿ ಇದನ್ನು ತಾನೇ ಟಂಕಿಸಿದ. ಫ್ರಾನ್ಸಿನ ಬಿನೆ ಮತ್ತು ಸಿಮೋನ್ ಮಾಡಿದ್ದ ಬುದ್ಧಿಪರೀಕ್ಷೆಯನ್ನು ಅವನು ಅಮೆರಿಕಕ್ಕೆ ತಂದಿದ್ದ. ವಯಸ್ಸಿಗೆ ಬಂದ ಮೇಲೂ ಬುದ್ಧಿ ಮೂರು ವರ್ಷದ ಮಗುವಿನಷ್ಟೂ ಇಲ್ಲದವರು ಈಡಿಯಟ್, ಮೂರರಿಂದ ಏಳರವರೆಗಿನವರು ಇಂಬೆಸಿಲ್. ಎಂಟರಿಂದ ಹನ್ನೆರಡರ ನಡುವಿನವರಿಗೆ ಹೆಸರಿರಲಿಲ್ಲ; ಅವರಿಗೆ ಸಿಕ್ಕಿದ್ದು ಮೋರಾನ್. ಮೂರೂ ವೈದ್ಯರ ದಾಖಲೆಯಲ್ಲಿ ಬರೆಯುವ ಪದಗಳಾಗಿದ್ದವು. ನೋಡಿದರೆ ಗೊತ್ತಾಗದ, ಎಲ್ಲರಂತೆಯೇ ಕಾಣುವ ಮೋರಾನರ ಮೇಲೆಯೇ ಗಾಡರ್ಡನಿಗೆ ಹೆಚ್ಚು ಕಣ್ಣು. ಇವರು ಮದುವೆಯಾಗಿ ಮಕ್ಕಳು ಹೆತ್ತರೆ ದೇಶ ಕೆಟ್ಟುಹೋಗುತ್ತದೆ ಎಂದು ಅವನು ನಂಬಿದ್ದ.

ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಹಡಗಿಳಿದ ವಲಸಿಗರ ಮೇಲೂ ಇದೇ ಪರೀಕ್ಷೆ ನಡೆಯಿತು. ಅಗ್ಗದ ದರ್ಜೆಯಲ್ಲಿ ಸಮುದ್ರ ದಾಟಿ, ಸುಸ್ತಾಗಿ, ಭಾಷೆ ಬಾರದೆ ನಿಂತ ಜನ ಅವರು. ಯೆಹೂದಿಗಳು, ಇಟಲಿ, ಹಂಗೇರಿ, ರಷ್ಯಾದವರು ಎಂದು ನಾಲ್ಕು ಗುಂಪು ಮಾಡಿ, ಒಂದೊಂದರಲ್ಲೂ ನೂರಕ್ಕೆ ಹೆಚ್ಚುಕಡಿಮೆ 80 ಮಂದಿ ಮಂದಬುದ್ಧಿಯವರು ಎಂದು ಗಾಡರ್ಡ್ 1917ರಲ್ಲಿ ಪ್ರಕಟಿಸಿದ. ಯಾವ ಗುಂಪಿನಲ್ಲೂ ಪರೀಕ್ಷೆಗೆ ಕೂತವರು 50 ದಾಟಿರಲಿಲ್ಲ. ಮೇಷ್ಟ್ರಾಗಿದ್ದವರು ನೀವು, ಈ ಪರೀಕ್ಷೆಯ ಬಗ್ಗೆ ನಾನು ಬೇರೆ ಏನೂ ಹೇಳಬೇಕಿಲ್ಲ.

ಇದೇ ಅಳತೆಗೋಲಿಗೆ ಸಿಕ್ಕವಳು ವರ್ಜೀನಿಯಾದ ಕ್ಯಾರಿ ಬಕ್. ಸಾಕಿದವರ ಮನೆಯ ನೆಂಟನಿಂದ ಅತ್ಯಾಚಾರಕ್ಕೊಳಗಾಗಿ ಬಸುರಾದ ಹುಡುಗಿ. ಸಾಕಿದವರು ಅವಳನ್ನು ಮಂದಬುದ್ಧಿಯವರ ಆಶ್ರಮಕ್ಕೆ ಕಳಿಸಿ ಕೈತೊಳೆದುಕೊಂಡರು. ಅವಳ ತಾಯಿಯೂ ಅಲ್ಲೇ ಇದ್ದಳು. ಇನ್ನು ಮಕ್ಕಳಾಗದಂತೆ ಅವಳಿಗೆ ಶಸ್ತ್ರಚಿಕಿತ್ಸೆ ಮಾಡಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1927ರಲ್ಲಿ ಎಂಟು ನ್ಯಾಯಮೂರ್ತಿಗಳು ಮಾಡಬಹುದು ಎಂದರು, ಒಬ್ಬರು ಬೇಡ ಎಂದರು. ತೀರ್ಪು ಬರೆದ ಆಲಿವರ್ ವೆಂಡೆಲ್ ಹೋಮ್ಸ್ ಅವರ ವಾಕ್ಯ: ‘ಮೂರು ತಲೆಮಾರಿನ ಇಂಬೆಸಿಲ್‌ಗಳು ಸಾಕು.’ ಆಶ್ರಮದ ಲೆಕ್ಕದಲ್ಲಿ ಕ್ಯಾರಿ ಇಂಬೆಸಿಲ್ ಅಲ್ಲ, ಮೋರಾನ್. ಅಷ್ಟು ದೊಡ್ಡ ನ್ಯಾಯಾಧೀಶರಿಗೂ ಆ ವ್ಯತ್ಯಾಸ ನೋಡುವ ತಾಳ್ಮೆಯಿರಲಿಲ್ಲ. ಪದ ಆಗಲೇ ಬೈಗುಳವಾಗಿತ್ತು. ಮೂರನೆಯ ತಲೆಮಾರು ಎಂದರೆ ಕ್ಯಾರಿಯ ಮಗಳು ವಿವಿಯನ್, ಮಂದಬುದ್ಧಿಯವಳೆಂದು ಹಣೆಪಟ್ಟಿ ಹಚ್ಚಿದಾಗ ಇನ್ನೂ ಹಸುಗೂಸು. ಮುಂದೆ ಅವಳು ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದವರ ಪಟ್ಟಿಯಲ್ಲಿದ್ದಳು. ಎಂಟು ವರ್ಷಕ್ಕೆ ಕಾಯಿಲೆ ಬಿದ್ದು ಸತ್ತಳು. ಇಂಥ ಕಾನೂನುಗಳಡಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಸಂತಾನಶಕ್ತಿ ಹರಣ ಮಾಡಲಾಯಿತು.

ನಮ್ಮಲ್ಲೂ ಈಡಿಯಟ್ ಕಾನೂನಿನ ಪುಸ್ತಕದಲ್ಲಿತ್ತು. ಬ್ರಿಟಿಷರ 1912ರ ಲ್ಯೂನಸಿ ಕಾಯ್ದೆ ಬಿಡಿ, ಅದು ಅವರದು. ಸ್ವತಂತ್ರ ಭಾರತದ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಧುವರರಲ್ಲಿ ಯಾರೂ ‘ಈಡಿಯಟ್ ಅಥವಾ ಲ್ಯೂನಾಟಿಕ್’ (ಹುಚ್ಚ) ಆಗಿರಬಾರದು ಎಂಬ ಷರತ್ತು ಇತ್ತು. 1976ರ ತಿದ್ದುಪಡಿಯವರೆಗೆ ಈ ದೇಶದಲ್ಲಿ ಹಿಂದೂ ಮದುವೆಯಾದವರೆಲ್ಲ ಕಾನೂನಿನ ಪ್ರಕಾರ ತಾವು ಈಡಿಯಟ್ ಅಲ್ಲವೆಂದು ಒಪ್ಪಿಸಿಯೇ ತಾಳಿ ಕಟ್ಟಿದಂತಾಯಿತು. ನಿಮ್ಮ ಮದುವೆಯೂ ಅದರೊಳಗೆ ಬಂದಿರಬಹುದು.

ಸಭ್ಯ ಪದ ಕೊಟ್ಟರೆ ಮುಗಿಯದೇ ಎಂಬ ನಿಮ್ಮ ಸಲಹೆಗೆ ಬೆಂಗಳೂರೇ ಉತ್ತರ ಹೇಳುತ್ತದೆ. ಇಲ್ಲಿನ ಲ್ಯೂನಾಟಿಕ್ ಅಸೈಲಮ್‌ಗೆ ಮೈಸೂರು ಸರ್ಕಾರ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರು ಬದಲಿಸಿತು. ಲ್ಯೂನಾಟಿಕ್ ಅವಮಾನದ ಪದ, ಮೆಂಟಲ್ ಗೌರವದ ಪದ ಎಂಬ ಎಣಿಕೆ. ಈಗ ಯಾವ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದರೂ ನಿಂತು ಕೇಳಿ: ‘ಏಯ್ ಮೆಂಟ್ಲು, ನೋಡ್ಕೊಂಡು ಹೋಗೋ!’ ಆಸ್ಪತ್ರೆ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಲಕ್ಷಾಂತರ ಜನಕ್ಕೆ ಗುಣ ಕೊಟ್ಟ ಆ ಹೆಸರನ್ನೂ ನಾವು ಬಿಡಲಿಲ್ಲ. ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬುದು ನಮ್ಮ ತಮಾಷೆ. ಅಮೆರಿಕದಲ್ಲೂ ಇದೇ ಗಾಣದೆತ್ತಿನ ಸುತ್ತು. ಮೋರಾನ್ ಕೆಟ್ಟದ್ದಾದಾಗ ‘ರಿಟಾರ್ಡೆಡ್’ (ಬೆಳವಣಿಗೆ ನಿಧಾನವಾದವರು) ತಂದರು. ಅದೂ ಬೈಗುಳವಾಗಿ, 2010ರಲ್ಲಿ ರೋಸಾ ಎಂಬ ಹುಡುಗಿಯ ಹೆಸರಿನ ಕಾಯ್ದೆ ಮಾಡಿ ಒಕ್ಕೂಟದ ಕಾನೂನುಗಳಿಂದ ಅದನ್ನು ತೆಗೆದುಹಾಕಬೇಕಾಯಿತು. ಈಗ ಮಕ್ಕಳು ‘ಸ್ಪೆಷಲ್’ ಎಂಬ ಪದವನ್ನೇ ಮೂತಿ ತಿರುಗಿಸಿ ಆಡುತ್ತಾರಂತೆ. ಜನರನ್ನು ನೋಡುವ ಕಣ್ಣು ಹಾಗೇ ಇದ್ದರೆ ಹೊಸ ಪದ ಎಷ್ಟು ದಿನ ಬಾಳುತ್ತದೆ? ಹಾಗೆಂದು ಬದಲಿಸಬಾರದು ಎನ್ನುವವನು ನಾನಲ್ಲ. ಮಗುವಿನ ಚೀಟಿಯ ಮೇಲೆ ಬೈಗುಳ ಬರೆದಿರುವುದನ್ನು ಓದಬೇಕಾದ ತಾಯಿಗೆ ಆ ಬದಲಾವಣೆ ಬೇಕೇ ಬೇಕು.

ಪದದ ಭಾರ ಜಾಗ ನೋಡಿ ಬದಲಾಗುತ್ತದೆ ಎಂಬುದಕ್ಕೆ ಕೂಲಿಯನ್ನು ನೋಡಿ. ನಮಗೆ ಅದು ದಿನದ ದುಡಿಮೆಯ ಹಣ, ಮರ್ಯಾದೆಯ ಪದ. 1860ರಲ್ಲಿ ಮದರಾಸಿನಿಂದ ಟ್ರೂರೋ ಎಂಬ ಹಡಗು ಕರಾರಿನ ಆಳುಗಳನ್ನು ತುಂಬಿಕೊಂಡು ದಕ್ಷಿಣ ಆಫ್ರಿಕಾದ ಡರ್ಬನ್ನಿಗೆ ಹೋಯಿತು. ಕಬ್ಬಿನ ಗದ್ದೆಗೆಂದು ಹೋದವರ ‘ಕೂಲಿ’ ಎಂಬ ಹೆಸರು ಕೊನೆಗೆ ಅಲ್ಲಿನ ಎಲ್ಲ ಭಾರತೀಯರಿಗೂ ಅಂಟಿಕೊಂಡಿತು. ವಕೀಲಿಕೆಗೆ ಹೋದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’ ಆದರು. ಅಲ್ಲಿ ಇನ್ನೊಂದು ಬೈಗುಳ ‘ಸಾಮಿ’. ತಮಿಳರ ಹೆಸರುಗಳ ಕೊನೆಯಲ್ಲಿ ಬರುವ ನಮ್ಮ ಸ್ವಾಮಿಯೇ ಅದು. ಹಾಗೆ ಕರೆಸಿಕೊಂಡ ಚುರುಕು ನಾಲಿಗೆಯವರು ‘ಸಾಮಿ ಎಂದರೆ ಒಡೆಯ, ನಾನು ನಿಮ್ಮ ಒಡೆಯನಲ್ಲ’ ಎಂದು ತಿರುಗಿ ಹೇಳುತ್ತಿದ್ದರೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗಾಗಿ ‘ಕೂಲಿ’ಯನ್ನು ನಾವು ಕನ್ನಡದಲ್ಲಿ ಧಾರಾಳವಾಗಿ ಬರೆಯುತ್ತೇವೆ, ಡರ್ಬನ್ನಿನ ಭಾರತೀಯರ ಬಗ್ಗೆ ಬರೆಯುವಾಗ ಎರಡು ಸಲ ಯೋಚಿಸುತ್ತೇವೆ.

ಪಟ್ಟಿ ಮಾತ್ರ ಬೇಡ. ಮಾಡಲು ಕೂತರೆ ವಿಲನ್ ಕೂಡ ಸೇರಬೇಕಾಗುತ್ತದೆ. ಒಂದು ಕಾಲಕ್ಕೆ ಅದು ಜಮೀನ್ದಾರನ ಹೊಲದಲ್ಲಿ ದುಡಿಯುವ ರೈತನ ಹೆಸರು. ಅದನ್ನೂ ಹೊರಗಿಟ್ಟರೆ ನಮ್ಮ ಸಿನಿಮಾ ಪುಟದಲ್ಲಿ ವಜ್ರಮುನಿಯವರನ್ನು ಏನೆಂದು ಕರೆಯೋಣ?

ನಮ್ಮ ಮೇಜಿನ ಮೇಲೆ ನಡೆಯುವ ಲೆಕ್ಕ ಇಷ್ಟು: ಆ ಹೆಸರಿನಡಿ ಇವತ್ತು ಯಾರಾದರೂ ಬದುಕುತ್ತಿದ್ದಾರೆಯೇ? ಈಡಿಯಟ್ ಎಂದು ಇವತ್ತು ಯಾವ ವೈದ್ಯರೂ ಚೀಟಿ ಬರೆಯುವುದಿಲ್ಲ. ಹಾಗಾಗಿ ಕಥೆಯ ಮ್ಯಾನೇಜರ್ ಅದನ್ನು ಹೇಳಿಕೊಳ್ಳಲಿ. ಅವನ ಬಾಯಿಗೆ ‘ಎಲೈ ಅವಿವೇಕಿಯೇ’ ಎಂದು ಹಾಕಿದರೆ ಅವನು ಆ ಕಂಪನಿ ಬಿಟ್ಟು ಕಂಪನಿ ನಾಟಕಕ್ಕೆ ಸೇರಿಕೊಳ್ಳುತ್ತಾನೆ. ಜಾತಿ ಬೈಗುಳದ ಮಾತು ಬೇರೆ. ಆ ಹೆಸರಿನವರು ಪಕ್ಕದ ಬೀದಿಯಲ್ಲಿದ್ದಾರೆ, ನಮ್ಮ ಚಂದಾದಾರರಲ್ಲಿದ್ದಾರೆ, ಮತ್ತು ಪರಿಶಿಷ್ಟ ಜಾತಿ, ಪಂಗಡದವರನ್ನು ಹಾಗೆ ಸಾರ್ವಜನಿಕವಾಗಿ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ರಿಟಾರ್ಡ್ ಎಂಬುದನ್ನೂ ಲೇಖಕರ ಸ್ವಂತ ಮಾತಿನಲ್ಲಿ ಬಂದರೆ ಹೊಡೆದುಹಾಕುತ್ತೇವೆ.

ನೀವು ಹೆಸರಿಸದ ಒಂದು ಪದವನ್ನು ಮಾತ್ರ ನಾನು ಇವೆಲ್ಲಕ್ಕಿಂತ ಹೆಚ್ಚು ದೂರವಿಡುತ್ತೇನೆ: ಪರೈಯಾ. ಇಂಗ್ಲಿಷ್ ಪತ್ರಿಕೆಗಳು ಯಾವ ಅಳುಕೂ ಇಲ್ಲದೆ ಬಳಸುವ ಬೈಗುಳ ಇದು. ಯಾವುದೋ ದೇಶದ ಮೇಲೆ ನಿರ್ಬಂಧ ಬಿದ್ದರೆ ಅದು ‘ಪರೈಯಾ ಸ್ಟೇಟ್’, ಬೀದಿನಾಯಿ ‘ಪರೈಯಾ ಡಾಗ್’. ತಮಿಳುನಾಡಿನ ಪರೈಯರ್ ಸಮುದಾಯದ ಹೆಸರನ್ನು ಇಂಗ್ಲಿಷರು 17ನೆಯ ಶತಮಾನದಲ್ಲೇ ಎತ್ತಿಕೊಂಡರು, ಬಹಿಷ್ಕೃತ ಎಂಬ ಅರ್ಥ ಕೊಟ್ಟು ಜಗತ್ತಿಗೆಲ್ಲ ಹಂಚಿದರು. ಕೆಜಿಎಫ್ ಗಣಿಗೆ ಇಳಿದು ಚಿನ್ನ ತೆಗೆದವರಲ್ಲಿ ಆ ಸಮುದಾಯದವರು ಬಹಳ ಮಂದಿ. 1893ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಮದರಾಸಿನಲ್ಲಿ ಪತ್ರಿಕೆ ತೆಗೆದಾಗ ಅದಕ್ಕೆ ‘ಪರೈಯನ್’ ಎಂದೇ ಹೆಸರಿಟ್ಟರು. ಮುಂದೆ ಅಂಬೇಡ್ಕರ್ ಜೊತೆ ದುಂಡುಮೇಜಿನ ಪರಿಷತ್ತಿಗೆ ಹೋದವರು ಅವರೇ. ಅವರು ಹೆಮ್ಮೆಯಿಂದ ಹಾಕಿಕೊಂಡ ಹೆಸರನ್ನು ವಿದೇಶಾಂಗ ವ್ಯವಹಾರದ ಅಂಕಣಕಾರರು ಬೈಗುಳವಾಗಿ ಬಳಸುವುದು ನನಗೆ ಸರಿಕಾಣದು.

ನಮಗೂ ಇಂಥ ಲೇಖನಗಳು ಬರುತ್ತವೆ. ಮೊನ್ನೆ ಒಬ್ಬರ ಅಂಕಣದಲ್ಲಿದ್ದ ಆ ಪದವನ್ನು ‘ಜಗತ್ತು ವ್ಯಾಪಾರ ನಿಲ್ಲಿಸಿದ ದೇಶ’ ಎಂದು ತಿದ್ದಿ ಕಳಿಸಿದೆ. ವಾಕ್ಯದ ಬಿರುಸೇ ಹೋಯಿತು ಎಂದು ಅವರು ಫೋನಿನಲ್ಲಿ ಬೇಸರ ಮಾಡಿಕೊಂಡರು. ಹೋಗಲಿ ಬಿಡಿ ಸಾರ್ ಅಂದೆ.

– ಸಂ.