ಎರಡು ತಿಂಗಳ ನಾಯಿಮರಿಗೆ ಒಂದು ಪಾರ್ವೊ (ವಾಂತಿ, ಭೇದಿ ತರುವ ವೈರಸ್ ರೋಗ) ಲಸಿಕೆ ಆಗಿದೆ, ಹೊರಗೆ ಕರೆದೊಯ್ಯಬಹುದೇ?

ಇನ್ನೂ ಬೇಡ. ತಾಯಿಯ ಮೊದಲ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೇ ನಿಷ್ಫಲ ಮಾಡಬಲ್ಲವು. ಅವು ಯಾವಾಗ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6–8ನೇ ವಾರದಲ್ಲಿ ಶುರುಮಾಡಿ 3–4 ವಾರಕ್ಕೊಮ್ಮೆ ಕೊಡಿಸಬೇಕು, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳಬೇಕು. 12ನೇ ವಾರಕ್ಕೇ ನಿಲ್ಲಿಸಿಬಿಡುವುದು ದೊಡ್ಡ ತಪ್ಪು. ಅಲ್ಲಿಯವರೆಗೆ ಬೀದಿ, ಪಾರ್ಕಿನ ನೆಲಕ್ಕೆ ಬಿಡದೆ ಎತ್ತಿಕೊಂಡೇ ಸುತ್ತಾಡಿಸಿ. ನಿಮ್ಮ ಚಪ್ಪಲಿಯೂ ಹೊರಗಿರಲಿ.

ನೆಲದಲ್ಲಿರುವ ಪಾರ್ವೊ ವೈರಸ್ ಕೊಲ್ಲಲು ಫಿನಾಯಿಲನ್ನು ನಂಬಬೇಡಿ. ನೆಲದ ಮಲ, ವಾಂತಿ ಬಳಿದು ತೆಗೆದು ಸೋಪುನೀರಿನಲ್ಲಿ ತೊಳೆಯಿರಿ; ಕೊಳೆ ಉಳಿದರೆ ಬ್ಲೀಚ್ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, 10 ನಿಮಿಷ ಹಸಿಯಾಗಿಯೇ ಬಿಟ್ಟು ತೊಳೆಯಿರಿ. ಮಣ್ಣಿನ ಅಂಗಳಕ್ಕೆ ಈ ಉಪಾಯ ನಡೆಯದು, ಅಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ.

ಮರಿ ಊಟ ಬಿಟ್ಟು ವಾಂತಿ, ಭೇದಿ ಶುರುವಾದರೆ ರಕ್ತ ಕಾಣುವವರೆಗೆ ಕಾಯದೆ ಅಂದೇ ಪಶುವೈದ್ಯರಿಗೆ ತೋರಿಸಿ.